ಉದ್ದ ಹೊಲಿಗೆ

ಮಲ್ಲಿ ಹೊರಗೆ ಹೊರಟಳೆಂದರೆ ಅವಳಮ್ಮ ಉದ್ದ ಹೊಲಿಗೆ ಹಿಡಿಯುತ್ತಿದ್ದಳು.

ಕಿಟಕಿಯ ಪರದೆ, ಗಾದಿಯ ಗವಸು, ಹಾಸಿಗೆಯ ಮೇಲುಹೊದಿಕೆ. ಸೂಜಿ ಒಂದು ತುದಿಯಲ್ಲಿ ಹೊರಟರೆ ಇನ್ನೊಂದು ತುದಿಯವರೆಗೆ ಎಲ್ಲೂ ತಿರುಗಬೇಕಿಲ್ಲದ ಕೆಲಸಗಳೆಲ್ಲ ಮಲ್ಲಿಯ ನಡಿಗೆಗೆಂದೇ ಮೀಸಲು. ಕಾಲರು, ತೋಳು, ನೆರಿಗೆ, ಹೀಗೆ ನಿಂತು ನಿಂತು ಮಾಡುವ ಕೆಲಸವನ್ನು ಮಲ್ಲಿ ಕೂತಿರುವಾಗ ಮುಗಿಸಬೇಕು. ಹೊಲಿಯಲು ಉದ್ದದ್ದೇನೂ ಇಲ್ಲದ ದಿನ ಹಳೇ ಹೊದಿಕೆಯ ತುಂಡೊಂದನ್ನು ಸೂಜಿಯ ಕೆಳಗಿಟ್ಟು, ದಾರವಿಲ್ಲದೆ ಸುಮ್ಮನೆ ತುಳಿಯುತ್ತಿದ್ದಳು. ಅವಸರದ ಗಿರಾಕಿಗಳಿಗೆ ಇದು ಅರ್ಥವಾಗುತ್ತಿರಲಿಲ್ಲ.

"ಟೈಲರಮ್ಮ, ನನ್ನ ರವಿಕೆ ತೋಳು ಬಿಟ್ಟು ಆ ಹರಕು ಬಟ್ಟೆ ಯಾಕೆ ಹೊಲೀತೀರಿ?"

"ನನ್ನ ಮಗಳು ರಸ್ತೆ ದಾಟ್ತಿದ್ದಾಳೆ. ಕೂತ್ಕೊಳ್ಳಿ."

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕದಲ್ಲಿ ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಮಿಷನ್ನು. ಬಾಗಿಲಿಂದ ಬೀದಿಗೆ ಇಳಿಯಲು ಕಲ್ಲಿನ ಮೆಟ್ಟಿಲು, ಕೆಳಗೆ ಚಪ್ಪಡಿ ಮುಚ್ಚಿದ ಚರಂಡಿ, ಆಮೇಲೆ ಇಕ್ಕಟ್ಟಾದ ಬೀದಿ, ಅದರಾಚೆಗೆ ಇಸ್ತ್ರಿ ಅಂಗಡಿ. ಹೊಲಿದು ಮುಗಿದ ಬಟ್ಟೆಯ ಗಂಟನ್ನು ಇಸ್ತ್ರಿಗೆ ಕೊಟ್ಟುಬರುವುದು ಮಲ್ಲಿಯ ಕೆಲಸ. ಮೂವತ್ತು ದಾಟಿದ ಅವಳಿಗೆ ಜಗತ್ತಿನಲ್ಲಿ ಇದೊಂದೇ ಕೆಲಸ. ಅದನ್ನು ಅವಳು ಎಷ್ಟು ಹೆಮ್ಮೆಯಿಂದ ಮಾಡುತ್ತಿದ್ದಳೆಂದರೆ, ಒಂದೇ ಅಂಗಿಯಿದ್ದರೂ ಅದಕ್ಕೊಂದು ಗಂಟು ಕಟ್ಟಿಸಿಕೊಂಡೇ ಹೊರಡುತ್ತಿದ್ದಳು.

ಮಿಷನ್ನಿನ ಪೆಡಲ್ಲಿಗೆ ಒಂದು ಕಿರುಗುಟ್ಟುವ ಕೀಲಿತ್ತು. ಬಲಗಾಲು ಒತ್ತಿದರೆ ಕಿರ್, ಎಡಗಾಲು ಒತ್ತಿದರೆ ಟಕ್. ಕಿರ್, ಟಕ್, ಕಿರ್, ಟಕ್. ರಿಪೇರಿಯವನು ಬಂದಾಗಲೆಲ್ಲ ಟೈಲರಮ್ಮ ಅವನ ಕೈ ಹಿಡಿದು ಹೇಳುವಳು: "ಎಲ್ಲಾದಕ್ಕೂ ಎಣ್ಣೆ ಬಿಡು, ಆ ಕೀಲೊಂದು ಬಿಟ್ಟು." ಆ ಸದ್ದು ಬೀದಿಯುದ್ದಕ್ಕೂ ಕೇಳುತ್ತಿತ್ತು. ಅದು ಎಲ್ಲಿಯವರೆಗೆ ಕೇಳುತ್ತಿತ್ತೋ ಅಲ್ಲಿಯವರೆಗೆ ಮಲ್ಲಿಯ ಊರು.

ಅವಳು ಮಗುವಾಗಿದ್ದಾಗ, ಎದೆಯಲ್ಲಿ ಗೊರಗೊರ ಸದ್ದಿದೆಯೆಂದು ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋದಾಗ, ಅಲ್ಲಿಯ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದರು. ಹುಟ್ಟುವ ಮೊದಲೇ ಮೈಯ ಕಣಕಣದೊಳಗಿನ ಒಂದು ಎಳೆಯಲ್ಲಿ ಚೂರೊಂದು ಬಿಟ್ಟುಹೋಗಿದೆ, ಅದಕ್ಕೆ ಔಷಧಿಯಿಲ್ಲ, ನಡೆಯುವುದು ತಡವಾಗಬಹುದು, ಮಾತಿಗೆ ಮಾತ್ರ ಕೊರತೆಯಾಗದು ಎಂದಿದ್ದರು. ಟೈಲರಮ್ಮ ಕೇಳಿಸಿಕೊಂಡು, "ಬಟ್ಟೆ ಕಮ್ಮಿ ಬಿದ್ದಿದೆ ಅಂತ ತಾನೆ? ಕಮ್ಮಿ ಬಟ್ಟೇಲಿ ಹೊಲಿಯೋದು ನಂಗೆ ಅಭ್ಯಾಸ ಇದೆ" ಎಂದಿದ್ದಳು. ಲಾರಿ ಓಡಿಸುತ್ತಿದ್ದ ಅಪ್ಪನಿಗೆ ಆ ಅಭ್ಯಾಸ ಇರಲಿಲ್ಲ. ಅವನು ಒಂದು ಸಲ ಹೋದವನು ಬರಲಿಲ್ಲ, ಇವರೂ ಹುಡುಕಲಿಲ್ಲ.

ಡಾಕ್ಟರು ಹೇಳಿದಂತೆ ಮಾತು ಬಂತು. ಬಂದದ್ದು ನಿಲ್ಲಲೇ ಇಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕಿಟಕಿಯಿಂದ ಕರೆದು, ಮೂಗು ಯಾಕೆ ಕೆಂಪಗಿದೆ, ಮನೆಯಲ್ಲಿ ಜಗಳವೇ ಎಂದು ವಿಚಾರಿಸುತ್ತಿದ್ದಳು. ಮಾತಿನಮಲ್ಲಿ ಎಂದು ಯಾರೋ ಕರೆದರು, ಮಲ್ಲಿ ಉಳಿಯಿತು. ಕಾಲು ಮಾತ್ರ ಬರಲಿಲ್ಲ. ನಿಲ್ಲುತ್ತಿದ್ದಳು, ಗೋಡೆ ಹಿಡಿದು ಸರಿಯುತ್ತಿದ್ದಳು. ಆದರೆ ಮುಂದಿನ ಕೋಣೆಯ ಕೆಂಪು ನೆಲ ಮುಗಿದು ಅಡುಗೆಮನೆಯ ಬೂದು ನೆಲ ಶುರುವಾಗುವ ಗೆರೆಯಲ್ಲಿ, ಬಾವಿಯ ಅಂಚಿಗೆ ಬಂದವಳಂತೆ ನಡುಗಿ ಕೂತುಬಿಡುತ್ತಿದ್ದಳು. ಒಂದು ದಿನ ಟೈಲರಮ್ಮ ಯಾರದೋ ಮನೆಯ ಪರದೆಗಳನ್ನು ಹೊಲಿಯುತ್ತಾ ಕೂತಿದ್ದಾಗ, ಬೆನ್ನ ಹಿಂದೆ ಪುಟ್ಟ ಹೆಜ್ಜೆಯ ಸದ್ದು ಕೇಳಿತು. ಮಲ್ಲಿ ಬೂದು ನೆಲದಿಂದ ಗೆರೆ ದಾಟಿ, ಯಾರ ಕೈಯೂ ಹಿಡಿಯದೆ ಬರುತ್ತಿದ್ದಳು, ಕಿರ್ ಎಂದಾಗ ಬಲಗಾಲು, ಟಕ್ ಎಂದಾಗ ಎಡಗಾಲು. ಟೈಲರಮ್ಮ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಕಾಲು ನಿಲ್ಲುತ್ತದೆ, ಕಾಲು ನಿಂತರೆ ಮಗು ಬೀಳುತ್ತದೆ ಎಂದು ಅವಳಿಗೆ ಹೇಗೋ ಹೊಳೆದಿತ್ತು. ಪರದೆ ಮುಗಿದ ಮೇಲೂ ಬರಿಯ ಗಾಳಿಯ ಮೇಲೆ ಹೊಲಿಯುತ್ತಲೇ ಇದ್ದಳು.

ಅಂದಿನಿಂದ ಶುರುವಾದ ಪದ್ಧತಿ ಇದು. ಹಿರಿಯ ಮಗಳು, ಅಂದರೆ ಮಲ್ಲಿಯ ಅಕ್ಕ, ಓದು ಮುಗಿಸಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮಲ್ಲಿ ದೊಡ್ಡವಳಾದಳು. ಮಿಷನ್ನಿನ ಬೆಲ್ಟು ಎಷ್ಟೋ ಸಲ ಬದಲಾಯಿತು. ಕಿರ್, ಟಕ್ ಬದಲಾಗಲಿಲ್ಲ.

ಮೊದಲು ಗಮನಿಸಿದವನು ಇಸ್ತ್ರಿಯವನು. ಅವನಿಗೆ ಮಲ್ಲಿಯನ್ನು ರೇಗಿಸದಿದ್ದರೆ ಕೆಂಡ ಹತ್ತುತ್ತಿರಲಿಲ್ಲ.

"ಏನಮ್ಮ ಮಲ್ಲಿ, ಮದುಮಗಳು ನಡೆದ ಹಾಗೆ ನಡೀತಿದ್ದೀಯಲ್ಲ. ನೀನು ಬರೋದ್ರೊಳಗೆ ನನ್ನ ಕೆಂಡ ಬೂದಿಯಾಗುತ್ತೆ."

"ನಾನು ನಿಧಾನ ಅಲ್ಲ ಮಾಮ. ಮಿಷನ್ನು ನಿಧಾನ."

"ಹೌದೌದು. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ನಿಮ್ಮ ಅಂಗಡಿ ನೆಲ ಡೊಂಕೇ ಇದೆ. ನೋಡಿ, ಆ ಕಡೆ ನೀರು ನಿಂತಿದೆ."

ಅವನು ನಕ್ಕ. ಆದರೆ ಸಂಜೆ ಅಕ್ಕ ಕೆಲಸದಿಂದ ಬರುವಾಗ ಅವಳನ್ನು ನಿಲ್ಲಿಸಿ ಹೇಳಿದ. ಮಲ್ಲಿ ಎಡಗಾಲು ಎಳೀತಿದ್ದಾಳೆ, ಒಂದು ಸಲ ತೋರಿಸಿ.

ಇಂಥವರಿಗೆ ಮುಪ್ಪು ಬೇಗ ಬರುತ್ತದೆ, ನಡಿಗೆ ಕೆಡಬಹುದು ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಆ ಮಾತನ್ನು ಅಕ್ಕ ಇಷ್ಟು ವರ್ಷ ಸೆರಗಿನ ಕೆಂಡದಂತೆ ಇಟ್ಟುಕೊಂಡಿದ್ದಳು. ರಜೆಯ ದಿನ ಕಿಟಕಿಯಲ್ಲಿ ನಿಂತು ನೋಡಿದಳು. ನಿಜ. ಬಲಗಾಲು ಸರಿಯಾಗಿ ಬೀಳುತ್ತಿತ್ತು, ಎಡಗಾಲು ತಡೆದು, ಚಪ್ಪಡಿಯನ್ನು ಸವರಿಕೊಂಡು ಬರುತ್ತಿತ್ತು. ಅಕ್ಕ ಮಲ್ಲಿಯ ಕಾಲನ್ನೇ ನೋಡಿದಳು. ಅವಳ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅಮ್ಮ ಮಿಷನ್ನು ತುಳಿಯುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ.

"ಕಾಲೆತ್ತಿ ಇಡೇ ಮಲ್ಲಿ," ಅಕ್ಕ ಕೂಗಿದಳು.

"ಬಂದಾಗ ಇಡ್ತೀನಿ," ಬೀದಿಯಿಂದ ಮಲ್ಲಿ ಕೂಗಿದಳು.

"ಏನು ಬಂದಾಗ?"

ಅಷ್ಟರಲ್ಲಿ ಯಾರೋ ದಾರಿಹೋಕನ ಛತ್ರಿ ಅವಳ ಕಣ್ಣಿಗೆ ಬಿದ್ದಿತ್ತು. ಮಾತು ಅತ್ತ ಹೋಯಿತು.

ಆಮೇಲೆ ಆಸ್ಪತ್ರೆಯ ಓಡಾಟ. ಎದೆ ನೋಡಿದರು, ರಕ್ತ ತೆಗೆದರು, ತಲೆಯ ಚಿತ್ರ ತೆಗೆದರು. ಹೊಸದೇನೂ ಸಿಗಲಿಲ್ಲ. ವಯಸ್ಸಿನದ್ದಿರಬಹುದು, ಇನ್ನು ಮುಂದೆ ಜೊತೆಗೊಬ್ಬರು ಕೈ ಹಿಡಿದು ನಡೆಸಿ ಎಂದರು. ಟೈಲರಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಮನೆಗೆ ಬಂದವಳು ಎಡಗಾಲ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತೆಗೆದಳು. ಅದನ್ನೂ ಯಾರೂ ನೋಡಲಿಲ್ಲ.

ಕೈ ಹಿಡಿದು ನಡೆಸಬೇಕಾದರೆ ಅಮ್ಮನಿಗೆ ಬಿಡುವು ಬೇಕು, ತುಳಿಯುವ ಶ್ರಮ ತಪ್ಪಬೇಕು. ಅಕ್ಕ ಯೋಚಿಸಿ ಯೋಚಿಸಿ ಒಂದು ಉಪಕಾರ ಮಾಡಿದಳು. ರಿಪೇರಿಯವನನ್ನು ಕರೆತಂದು ಮಿಷನ್ನಿಗೆ ಮೋಟಾರು ಕೂರಿಸಿದಳು.

"ಇನ್ನು ಕಾಲಿಗೆ ಕೆಲಸಾನೇ ಇಲ್ಲ ಟೈಲರಮ್ಮ. ಮಹಾರಾಣಿ ಥರ ಕೂತ್ಕೊಳ್ಳಿ," ಎಂದು ಅವನು ಗುಂಡಿ ಒತ್ತಿದ.

ಮೋಟಾರು ಒಂದೇ ಉಸಿರಿಗೆ ಗುಂಯ್ ಎಂದಿತು. ಬೇರೆಯವರಿಗೆ ಅದು ಸಣ್ಣ ಸದ್ದು. ಮಲ್ಲಿಯ ಕಿವಿ ಬೇರೆ ಥರದ್ದು, ಪಾತ್ರೆ ಬಿದ್ದರೂ ಅವಳಿಗೆ ತಲೆಯೊಳಗೆ ಬಿದ್ದಂತಾಗುತ್ತಿತ್ತು. ಆ ಹೊತ್ತಿಗೆ ಅವಳು ಗಂಟು ಹಿಡಿದು ಮೆಟ್ಟಿಲ ತುದಿಯಲ್ಲಿ, ಕಿರ್ ಎನ್ನುವುದನ್ನು ಕಾಯುತ್ತಾ ನಿಂತಿದ್ದಳು. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಗಂಟು ಬಿತ್ತು. ಕಣ್ಣೂ ಮುಚ್ಚಿಕೊಂಡಳು. ಹಿಡಿಯಲು ಕೈಯಿಲ್ಲದೆ, ನೋಡಲು ಕಣ್ಣಿಲ್ಲದೆ, ತಾಳವೂ ಇಲ್ಲದೆ ಕಾಲು ಮುಂದಿಟ್ಟಳು.

ಮುರಿದದ್ದು ಕೈ. ಮಣಿಕಟ್ಟಿಗೆ ಪಟ್ಟಿ ಹಾಕಿದರು. ಮೋಟಾರನ್ನು ಅಂದೇ ಕಳಚಿ ಮೇಜಿನ ಕೆಳಗೆ ನೂಕಿ, ಹಳೆಯ ಬೆಲ್ಟು ಹಾಕಿದರು. ಆದರೆ ಮಲ್ಲಿ ಹೊಸ್ತಿಲಿಗೆ ಬರುವುದನ್ನೇ ಬಿಟ್ಟಳು. ಅಮ್ಮ ತುಳಿದರೆ ಮನೆಯೊಳಗೆ ಗೋಡೆಯ ಬದಿಯಲ್ಲಿ ನಡೆಯುವಳು, ಎಡಗಾಲು ಮೊದಲಿಗಿಂತ ಹೆಚ್ಚು ಎಳೆಯುವುದು. ಕಿಟಕಿಯಿಂದ ಇಸ್ತ್ರಿಯವನನ್ನು ಕೂಗಿ, "ಮಾಮ, ಕೆಂಡ ಇದೆಯಾ?" ಎಂದು ಕೇಳುವಳು. ಅವನು ಇದೆ ಎನ್ನುವನು. ಅಷ್ಟಕ್ಕೇ ಮುಗಿಯುವುದು.

ಪಟ್ಟಿ ಬಿಚ್ಚಿದ ಮೇಲೆ ನಡಿಗೆ ಕಲಿಸುವವಳ ಬಳಿಗೆ ಕಳಿಸಿದರು. ಆಸ್ಪತ್ರೆಯ ಹಿಂಭಾಗದ ಉದ್ದನೆಯ ಓಣಿಯಲ್ಲಿ ಅವಳ ಕೆಲಸ. ಚಿಕ್ಕ ವಯಸ್ಸಿನ, ಕಡಿಮೆ ಮಾತಿನ ಹುಡುಗಿ. ಮೊದಲು ನೆಲದ ಮೇಲೆ ಹೆಜ್ಜೆಗೊಂದರಂತೆ ಕಪ್ಪು ಪಟ್ಟಿ ಅಂಟಿಸಿದಳು. ಎಷ್ಟೋ ಜನರಿಗೆ ಗೆರೆ ಕಂಡರೆ ಕಾಲು ತಾನಾಗಿ ಏಳುತ್ತದೆ ಎಂದಳು.

ಮಲ್ಲಿ ಮೊದಲ ಪಟ್ಟಿಯ ಮುಂದೆ ನಿಂತಳು. "ಇಲ್ಲಿ ನೆಲ ತೂತಾಗಿದೆ. ನೀವೂ ಹುಷಾರು," ಎಂದಳು.

ಹುಡುಗಿ ಪಟ್ಟಿ ಕಿತ್ತು, ಚಪ್ಪಾಳೆ ತಟ್ಟಿ ನೋಡಿದಳು.

"ಯಾಕೆ ಚಪ್ಪಾಳೆ? ನಾನಿನ್ನೂ ಹಾಡೇ ಇಲ್ಲ."

ಆ ಹುಡುಗಿಗೆ ನಗು ಬಂತು. ಮನೆಯಲ್ಲಿ ಹೇಗೆ ನಡೆಸುತ್ತಿದ್ದಿರಿ ಎಂದು ಕೇಳಿದಳು. ಅಕ್ಕ ಮಿಷನ್ನಿನ ಸದ್ದಿನ ವಿಷಯ ಹೇಳಿದಳು. ಟೈಲರಮ್ಮ ಕುರ್ಚಿಯಲ್ಲಿ ಕೂತಿದ್ದಳು. ಬೇಡವೆಂಬಂತೆ ಒಮ್ಮೆ ಅಕ್ಕನ ಕಡೆ ನೋಡಿ, ಆಮೇಲೆ ಕುರ್ಚಿಯ ಮರದ ತೋಳಿನ ಮೇಲೆ ಬೆರಳಿನಿಂದ ತಟ್ಟಿದಳು. ಬಲಗೈ, ಎಡಗೈ. ಬಲಗೈ, ಎಡಗೈ.

ಮಲ್ಲಿ ನಡೆದಳು. ಓಣಿಯ ಆ ತುದಿಯವರೆಗೆ, ಎರಡು ಕಾಲೂ ಸಮನಾಗಿ, ಎಲ್ಲೂ ಎಳೆಯದೆ, ಗೋಡೆ ಮುಟ್ಟದೆ. ಹೋಗಿ ತಿರುಗಿ ಬಂದಳು. ಬರುವಾಗ ಯಾರೋ ರೋಗಿಗೆ ಹುಷಾರಾದಿರಾ ಎಂದೂ ಕೇಳಿದಳು.

ಅಕ್ಕನಿಗೆ ಅಳು ಬಂತು. ನಡಿಗೆ ಕಲಿಸುವವಳ ಮುಖದ ನಗು ಮಾತ್ರ ಮಾಯವಾಗಿತ್ತು.

"ಮನೆಯಲ್ಲಿ ಕೈಯಲ್ಲೇ ತಟ್ತೀರಾ ಅಮ್ಮ?"

"ಇಲ್ಲ. ಕಾಲಲ್ಲಿ."

"ಕಾಲಲ್ಲಿ ತಟ್ಟಿ ನೋಡೋಣ."

ಟೈಲರಮ್ಮ ಬಲಗಾಲನ್ನು ನೆಲಕ್ಕೆ ಬಡಿದಳು. ಎಡಗಾಲಿನ ಹಿಮ್ಮಡಿ ಏಳಲು ನೋಡಿತು, ಏಳಲಿಲ್ಲ, ಚಪ್ಪಲಿ ನೆಲವನ್ನು ಸವರಿತು. ಓಣಿಯ ನಡುವೆ ಮಲ್ಲಿಯ ಬಲಗಾಲು ಬಿತ್ತು. ಎಡಗಾಲು ಕಾದು, ಸವರಿಕೊಂಡು ಬಂತು.

"ನಾನು ಹೇಳಿದ್ನಲ್ಲ, ಮಿಷನ್ನು ನಿಧಾನ ಅಂತ," ಎಂದಳು ಮಲ್ಲಿ. ಅವಳು ಅದನ್ನು ಎಲ್ಲರಿಗೂ ಹೇಳಿದ್ದಳು. ಅಷ್ಟೊಂದು ಮಾತಾಡುವವಳ ಮಾತನ್ನು ಯಾರು ಕಿವಿಯ ಮೇಲೆ ಹಾಕಿಕೊಳ್ಳುತ್ತಾರೆ?

ಈಗ ಟೈಲರಮ್ಮನನ್ನು ಪರೀಕ್ಷೆ ಮಾಡಿದರು. ಕಾಲಿನ ನರಗಳು ಒಣಗುತ್ತಾ ಬರುತ್ತಿವೆ, ಇದು ಕಾಲಿನಲ್ಲಿ ನಿಲ್ಲುವುದಿಲ್ಲ, ಕೈಗೆ ಬರುತ್ತದೆ, ಆಮೇಲೆ ನಾಲಿಗೆಗೆ, ಉಸಿರಿಗೆ ಎಂದರು. ಅಕ್ಕ ತನ್ನ ಔಷಧಿ ಅಂಗಡಿಯ ಕಪಾಟುಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದಳು. ಇದಕ್ಕೆ ಅಲ್ಲಿ ಏನೂ ಇರಲಿಲ್ಲ.

"ನಿಂಗೆ ಮೊದಲೇ ಗೊತ್ತಿತ್ತಾ ಅಮ್ಮ?" ಮನೆಗೆ ಬಂದ ಮೇಲೆ ಕೇಳಿದಳು.

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಕಾಲು ಜೋಮು ಹಿಡಿಯೋದು ಗೊತ್ತಿತ್ತು. ಅವಳೂ ಎಳೆಯೋಕೆ ಶುರು ಮಾಡಿದಾಗ ಅನುಮಾನ ಬಂತು. ಅವಳದೇ ಕಾಲಾಗಿರಲಿ ದೇವರೇ ಅಂತ ಬೇಡ್ಕೊಂಡೆ ಕಣೇ."

"ಅದೇನಮ್ಮ ಮಾತು?"

"ಅವಳದಾದ್ರೆ ನಾನಿದ್ದೀನಿ. ನನ್ನದಾದ್ರೆ ಅವಳಿಗೆ ಯಾರು?"

ಅಕ್ಕ ಅಲ್ಲೇ, ಎದುರಿಗೇ ಕೂತಿದ್ದಳು. ಎದ್ದು ಒಳಗೆ ಹೋಗಿ ಮುಖ ತೊಳೆದು ಬಂದು, ಅಮ್ಮನನ್ನು ಸ್ಟೂಲಿನಿಂದ ಎಬ್ಬಿಸಿ ತಾನು ಕೂತಳು. ಪೆಡಲ್ಲಿನ ಮೇಲೆ ಕಾಲಿಟ್ಟಳು. ಚಕ್ರ ಹಿಂದಕ್ಕೆ ತಿರುಗಿ ದಾರ ಕಡಿಯಿತು.

"ಎಷ್ಟೋ ಜನರ ಹೆಣ್ಣುಮಕ್ಕಳಿಗೆ ಕಲಿಸಿದೆ, ನನ್ನ ಮಗಳಿಗೇ ಕಲಿಸಲಿಲ್ಲ," ಎಂದಳು ಟೈಲರಮ್ಮ. ಓದಲಿ ಎಂದು ಅವಳೇ ಕಲಿಸಿರಲಿಲ್ಲ.

ಆಸ್ಪತ್ರೆಯ ಹುಡುಗಿ ಬೇರೆ ದಾರಿಯನ್ನೂ ತೋರಿಸಿದ್ದಳು. ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಸದ್ದು ಹಾಕಿ, ಜೇಬಿನಲ್ಲಿಟ್ಟುಕೊಂಡರೆ ಎಲ್ಲಿಗೆ ಬೇಕಾದರೂ ನಡೆಯಬಹುದು ಎಂದಿದ್ದಳು. ಮಲ್ಲಿ ಕೆಲವು ದಿನ ಅದರ ಜೊತೆ ನಡೆದಳು. ಚೆನ್ನಾಗಿಯೇ ನಡೆದಳು. ಒಂದು ಬೆಳಿಗ್ಗೆ ಮೊಬೈಲನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿ, ಮೇಜಿನ ಮೇಲಿಟ್ಟಳು.

"ಇದರಲ್ಲಿ ಯಾರೂ ಇಲ್ಲ ಅಕ್ಕ."

ಆಮೇಲೆ ಅದಕ್ಕೆ ಹೆಜ್ಜೆ ಎತ್ತಲಿಲ್ಲ. ಬೈದರೂ ಇಲ್ಲ, ಬೇಡಿದರೂ ಇಲ್ಲ.

ಹಾಗಾಗಿ ಅಕ್ಕನಿಗೆ ತುಳಿಯುವುದೇ ಉಳಿಯಿತು. ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು, ಸಂಜೆ ಬಂದ ಮೇಲೆ, ಅಮ್ಮ ಪಕ್ಕದಲ್ಲಿ ಕೂತು ಅವಳ ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು ಒತ್ತುವಳು. ಕೈ ಒತ್ತಿದಾಗ ಕಾಲು ಒತ್ತಬೇಕು. ಮಲ್ಲಿ ಕೋಣೆಯ ಆ ಬದಿಯಲ್ಲಿ ಗಂಟು ಹಿಡಿದು ನಿಂತು ತೀರ್ಪು ಕೊಡುವಳು.

"ಅಕ್ಕ ಓಡ್ತಾಳೆ, ನಿಲ್ತಾಳೆ. ಕಳ್ಳಿ ಥರ."

"ನಿಂಗೆ ಹಿಡಿಸಲ್ವಾ? ಹಾಗಾದ್ರೆ ನೀನೇ ತುಳಿ ಬಾ."

"ನಾನು ತುಳಿದ್ರೆ ನಡೆಯೋರು ಯಾರು?"

ಟೈಲರಮ್ಮ ನಕ್ಕಳು. ಆಗಲೇ ಅವಳ ನಗು ಒಂದು ಬದಿಗೆ ಜಾರಲು ಶುರುವಾಗಿತ್ತು.

ಕಲಿಯುವುದು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ಕಾಲ ಅಮ್ಮನ ಕೈ ಮಗಳ ಮೊಣಕಾಲಿನ ಮೇಲಿತ್ತು. ಮೊದಮೊದಲು ಎರಡು ಕೈಯೂ ಸಮನಾಗಿ ಒತ್ತುತ್ತಿದ್ದವು. ಆಮೇಲೆ ಎಡಗೈ ತಡವಾಗಿ ಬರತೊಡಗಿತು, ಹಗುರವಾಗತೊಡಗಿತು. ಅಕ್ಕ ಲೆಕ್ಕ ಹಾಕಲಿಲ್ಲ, ಕೈಯನ್ನು ಹಿಂಬಾಲಿಸಿದಳು. ಕೈ ಕಾದರೆ ಕಾಲೂ ಕಾಯಿತು. ಅವಳು ಹಾಗೆ ಕಾಯತೊಡಗಿದ ಮೇಲೆಯೇ ಮಲ್ಲಿ ಒಂದು ದಿನ ಗಂಟು ಎತ್ತಿಕೊಂಡು ಹೊಸ್ತಿಲವರೆಗೆ ಬಂದಳು. "ಈಗ ಸರಿಯಾಯ್ತು," ಎಂದಳು. ಮೂವರೂ ಅದನ್ನು ಗೆಲುವೆಂದು ತಿಳಿದರು.

ಕೊನೆಯ ತಿಂಗಳುಗಳ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಟೈಲರಮ್ಮನ ಮಂಚವನ್ನು ಮುಂದಿನ ಕೋಣೆಗೇ ತಂದು ಹಾಕಿದರು. ಮಾತು ಹೋಯಿತು. ಅಕ್ಕ ಕೆಲಸ ಬಿಟ್ಟಳು. ಮನೆತುಂಬ ಮಲ್ಲಿಯ ಮಾತೊಂದೇ ಉಳಿಯಿತು. ಅಮ್ಮನ ಪರವಾಗಿ ಅವಳೇ ಗಿರಾಕಿಗಳಿಗೆ ಉತ್ತರ ಕೊಡುತ್ತಿದ್ದಳು, ಅಮ್ಮ ಹೇಳದಿದ್ದ ಬೈಗುಳವನ್ನೂ ಸೇರಿಸಿ. ಹೋಗುವ ದಿನ ಟೈಲರಮ್ಮನ ಕಣ್ಣು ಮಿಷನ್ನಿನ ಕಡೆಗಿತ್ತು. ಅಕ್ಕ ಮಂಚ ಬಿಟ್ಟು ಹೋಗಿ ಸ್ಟೂಲಿನ ಮೇಲೆ ಕೂತು ತುಳಿದಳು. ಉಸಿರು ನಿಂತದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಅಲ್ಲಿಂದ ಮಲ್ಲಿ ಮೂಲೆಯಲ್ಲಿ ಕೂತಳು. ಅವಳು ಮಾತು ನಿಲ್ಲಿಸಿದ್ದನ್ನು ಬೀದಿ ಮೊದಲ ಸಲ ಕಂಡಿತು. ಇಸ್ತ್ರಿಯವನು ಕಿಟಕಿಗೆ ಬಂದು, ಕೆಂಡ ಇದೆ ಮಲ್ಲಿ ಎಂದು ತಾನಾಗಿ ಹೇಳಿ ಹೋದ. ಅವಳು ತಿರುಗಲಿಲ್ಲ.

ಅಕ್ಕ ಪರದೆಯ ಕೆಲಸವೊಂದನ್ನು ಒಪ್ಪಿಕೊಂಡು ಬಂದಳು. ನೆರಿಗೆ, ತೋಳು ಅವಳಿಗಿನ್ನೂ ಬರುತ್ತಿರಲಿಲ್ಲ, ಉದ್ದ ಹೊಲಿಗೆಯೊಂದೇ ಬರುತ್ತಿತ್ತು. ಪರದೆ ಹೊಲಿದಳು, ಮರುದಿನ ಮತ್ತೆ ಹೊಲಿದಳು. ಹಾಗೇ ಒಂದು ಮಧ್ಯಾಹ್ನ ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಅವಳು ಹಿಂತಿರುಗಿ ನೋಡಲಿಲ್ಲ. ಮಲ್ಲಿ ಗಂಟು ಎತ್ತಿಕೊಂಡು ಪಕ್ಕದಿಂದ ಹಾದು, ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಚಪ್ಪಡಿಯ ಮೇಲೆ ಬಂದಳು. ಕಿಟಕಿಯಿಂದ ಅಕ್ಕನಿಗೆ ಅವಳ ಕಾಲು ಕಂಡಿತು.

ಬಲಗಾಲು ಬಿತ್ತು. ಎಡಗಾಲು ಕಾದು, ಕಲ್ಲನ್ನು ಸವರಿಕೊಂಡು ಬಂತು.

ಈಗ ಯಾರ ಕಾಲಿಗೂ ರೋಗವಿರಲಿಲ್ಲ. ಅಕ್ಕನಿಗೆ ತಾನು ಅಮ್ಮನಿಂದ ಕಲಿತದ್ದು ಏನೆಂದು ಆಗ ತಿಳಿಯಿತು. ಅವಳು ಎಡಗಾಲನ್ನು ಬೇಗ ಒತ್ತಿ ಸದ್ದನ್ನು ಸಮ ಮಾಡಿದಳು. ಕಿರ್, ಟಕ್. ಕಿರ್, ಟಕ್.

ಮಲ್ಲಿ ಬೀದಿಯ ನಡುವೆ ನಿಂತುಬಿಟ್ಟಳು. ಆ ಕಡೆಯಿಂದ ತರಕಾರಿಯ ತಳ್ಳುಗಾಡಿ ಇಳಿಜಾರಿನಲ್ಲಿ ಬರುತ್ತಿತ್ತು, ಗಾಡಿಯವನು ಹೋಯ್ ಎಂದು ಕೂಗುತ್ತಿದ್ದ. ಮಲ್ಲಿಯ ಮುಖ ಮನೆಯ ಕಡೆ ತಿರುಗಿತು. ಪರಿಚಯವಿಲ್ಲದವರ ಮನೆಯನ್ನು ನೋಡುವಂತೆ ನೋಡಿದಳು.

ಅಕ್ಕ ಎಡಗಾಲನ್ನು ಸಡಿಲ ಬಿಟ್ಟಳು. ಮೊಣಕಾಲಿನ ಮೇಲೆ ಒಂದು ಕೈಯಿದೆ, ಅದು ತಡೆದು ಒತ್ತುತ್ತಿದೆ ಎಂದುಕೊಂಡಳು. ಕಿರ್. ಟಕ್. ಮಲ್ಲಿಯ ಕಾಲು ಎದ್ದಿತು. ಗಾಡಿ ಅವಳ ಬೆನ್ನನ್ನು ಸವರಿಕೊಂಡು ಹೋಯಿತು.

ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟ. ಮದುಮಗಳ ಮಾತು ಅವನ ಬಾಯಿಗೆ ಬರಲಿಲ್ಲ. ಗಂಟು ತೆಗೆದುಕೊಳ್ಳುತ್ತಾ, "ನಡಿಗೆ ನೋಡಿ ನಿಮ್ಮಮ್ಮ ಬಂದಳೇನೋ ಅಂದ್ಕೊಂಡೆ," ಎಂದ.

"ಇಲ್ಲ ಮಾಮ. ಅಮ್ಮ ತುಳೀತಿದ್ದಾಳೆ," ಎಂದಳು ಮಲ್ಲಿ.

ಅವಳು ಮರಳಿ ಬರುವಷ್ಟರಲ್ಲಿ ಪರದೆ ಮುಗಿದಿತ್ತು. ಅಕ್ಕ ಕಾಲು ನಿಲ್ಲಿಸದೆ, ಕೈಗೆ ಸಿಕ್ಕ ತುಂಡು ಬಟ್ಟೆಯನ್ನು ಸೂಜಿಯ ಕೆಳಗೆ ನೂಕಿದಳು. ಅದು ಹಳೇ ಹೊದಿಕೆಯ ತುಂಡು. ಅದರ ಉದ್ದಕ್ಕೂ ದಾರವಿಲ್ಲದ ತೂತುಗಳ ಸಾಲುಗಳು, ಒಂದರ ಪಕ್ಕ ಒಂದು, ಇನ್ನು ಜಾಗವಿಲ್ಲದಷ್ಟು. ಅಕ್ಕ ಅವುಗಳ ಮೇಲೆಯೇ ತುಳಿದಳು.